ಅಣ್ಣನ ಸೈಟು, ಭಾಗ 6: ‘ಇದ್ದಾರೆ’ ಹೋಗಿ ‘ಇದ್ದರು’ ಆದ ರಾತ್ರಿ

ಮೊದಲ ಫೋಟೋ ನೋಡಿ ಹೆದರಿ ಮುಂದಕ್ಕೆ ಹೋಗ್ಬೇಡಿ. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ಮೂಲೆಯಲ್ಲಿ ಹಲ್ಲು ಕಿರಿಯೋ ಎಡ್ಡಿ. ಇದೇ ನಾನು ನಡೆಸ್ತಿರೋ ಸೈಟು. ಕ್ಲಾಸಲ್ಲಿ ಇದನ್ನ ನೋಡಿದವರೆಲ್ಲ ಕೇಳೋದು ಒಂದೇ: ‘ಇದು ಯಾವ ಕಾಲದ್ದೇ?’ ನಾನು ಮೂರು ವರ್ಷದವಳಿದ್ದಾಗಿನ ಕಾಲದ್ದು ಕಣ್ರೋ.

ಹೊಸಬರಿಗೆ ಚುಟುಕಾಗಿ ಹೇಳಿಬಿಡ್ತೀನಿ. 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದು ನುಡಿಸ್ತು. ನಮ್ಮ ದೊಡ್ಡಪ್ಪನ ಮಗ ಆಗ ಇಂಜಿನಿಯರಿಂಗ್ ಕೊನೇ ವರ್ಷ. ದಾವಣಗೆರೆಯಿಂದ ಬಸ್ಸಲ್ಲಿ ಹೋಗಿ, ತಲೆ ಕುಣಿಸಿ ಕುಣಿಸಿ ಕತ್ತು ಉಳುಕಿಸ್ಕೊಂಡು ವಾಪಸ್ ಬಂದ. ಮುಂದಿನ ವಾರವೇ ಸೈಬರ್ ಕೆಫೆಯಲ್ಲಿ ಕೂತು ಈ ಸೈಟು ಶುರು ಮಾಡಿದ. ಒಂದೊಂದು ಆಲ್ಬಂಗೆ ಒಂದೊಂದು ಪೇಜು, ಬ್ಯಾಂಡಲ್ಲಿ ಇದ್ದವರು, ಬಿಟ್ಟವರು ಎಲ್ಲರಿಗೂ ಒಂದೊಂದು ಪೇಜು, ಹಾಡುಗಳ ಹಿಂದಿನ ಕಥೆ, ಎಲ್ಲಾ ಕನ್ನಡದಲ್ಲಿ. ‘ದ ಟ್ರೂಪರ್’ ಹಾಡಿಗೆ 1854ರ ಕ್ರಿಮಿಯಾ ಯುದ್ಧ, ‘ಏಸಸ್ ಹೈ’ಗೆ 1940ರ ವಿಮಾನ ಕಾಳಗ. ನಾನು ಇತಿಹಾಸ ಕಲಿತದ್ದೇ ಇಲ್ಲಿ, ಸ್ಕೂಲಲ್ಲಿ ಅಲ್ಲ.

2020ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿ ನಾನು ಮನೇಲಿ ಬಿದ್ದಿದ್ದಾಗ ಅಣ್ಣ ಪಾಸ್‌ವರ್ಡ್ ಕೊಟ್ಟ. ಅವನಿಗೆ ಆಗಲೇ ಎರಡು ಮಕ್ಕಳು, ಬೆಂಗಳೂರಲ್ಲಿ ಕೆಲಸ, ಪುರುಸೊತ್ತಿಲ್ಲ. ಒಳಗೆ ಹೋಗಿ ನೋಡಿದ್ರೆ ಹಳೇ ಪೇಜುಗಳೆಲ್ಲ ನುಡಿ ಫಾಂಟಿನವು. ಆ ಫಾಂಟ್ ಇಲ್ಲದ ಮೊಬೈಲಲ್ಲಿ ತೆರೆದ್ರೆ ಕನ್ನಡದ ಬದಲು ತಲೆ ಮೇಲೆ ಟೋಪಿ, ಚುಕ್ಕೆ ಇಟ್ಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಎಲ್ಲಾನೂ ಯೂನಿಕೋಡ್‌ಗೆ ತಂದೆ. ಸಾಫ್ಟ್‌ವೇರ್ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ಅರ್ಕಾವತ್ತು, ಒತ್ತಕ್ಷರ ನಮ್ಮ ಕಣ್ಣಿಗೇ ಬಿಟ್ಟಿದ್ದು. ಆ ಕೆಲಸದ ನೆಪದಲ್ಲಿ ಅಣ್ಣ ಬರೆದ ಒಂದೊಂದು ಸಾಲನ್ನೂ ಓದಿದೆ. ಎಲ್ಲಿ ಅವನು ಸರಿ, ಎಲ್ಲಿ ಬರೀ ಅಭಿಮಾನಿ ಅನ್ನೋದು ಗೊತ್ತಾಗಿದ್ದು ಆಗಲೇ.

ಸೈಟು ನಡೆಸೋದು ಅಂದ್ರೆ ಮುಕ್ಕಾಲು ಪಾಲು ತಿದ್ದೋದೇ. ಖುಷಿಯ ತಿದ್ದುಪಡಿಗಳೂ ಇರ್ತವೆ. 1986ರ ‘ಅಲೆಕ್ಸಾಂಡರ್ ದ ಗ್ರೇಟ್’ ಹಾಡಿನ ಪೇಜಲ್ಲಿ ‘ಇದನ್ನು ವೇದಿಕೆಯ ಮೇಲೆ ಒಮ್ಮೆಯೂ ನುಡಿಸಿಲ್ಲ’ ಅಂತ ಅಣ್ಣ ದಪ್ಪಕ್ಷರದಲ್ಲಿ ಹಾಕಿದ್ದ. 2023ರ ಮೇ 28ಕ್ಕೆ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ನುಡಿಸಿಬಿಟ್ರು! 37 ವರ್ಷ ಆದ್ಮೇಲೆ. ಆ ಸಾಲು ಅಳಿಸುವಾಗ ಮನೇಲಿ ಒಬ್ಬಳೇ ಕುಣಿದಿದ್ದೀನಿ.

ಇನ್ನೊಂದು ಥರದ ತಿದ್ದುಪಡಿ ಇದೆ. ಎರಡನೇ ಫೋಟೋ ಅದರದ್ದೇ.

2024ರ ಅಕ್ಟೋಬರ್ 21, ಸೋಮವಾರ. ಮಾರನೇ ದಿನ ಇಂಟರ್ನಲ್ಸ್. ಪುಸ್ತಕ ತೆರೆದಿಟ್ಟು ಮೊಬೈಲ್ ನೋಡ್ತಾ ಕೂತಿದ್ದೆ (ನೀವೂ ಅದೇ ಮಾಡ್ತೀರ, ನಗಬೇಡಿ). ಪಾಲ್ ಡಿಯಾನೊ ತೀರಿಕೊಂಡ ಸುದ್ದಿ. 1980ರ ಮೊದಲ ಆಲ್ಬಂ, 1981ರ ‘ಕಿಲ್ಲರ್ಸ್’, ಇವೆರಡರಲ್ಲೂ ಇರೋ ದನಿ ಅವರದ್ದು. ವಯಸ್ಸು 66. ಇಂಗ್ಲೆಂಡಿನ ಸಾಲಿಸ್‌ಬರಿಯ ಮನೆಯಲ್ಲಿ.

ಅಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಪೇಜು ತಿದ್ದಿಬಿಡು ಪುಟ್ಟಿ’ ಅಂದ. 2013ರ ಮಾರ್ಚಲ್ಲಿ ಹಳೇ ಡ್ರಮ್ಮರ್ ಕ್ಲೈವ್ ಬರ್ ಹೋದಾಗ ಇದೇ ಕೆಲಸ ಅವನು ಮಾಡಿದ್ದನಂತೆ, ಆಫೀಸಲ್ಲಿ ಕೂತು, ಯಾರಿಗೂ ಕಾಣದ ಹಾಗೆ. ಈ ಸಲ ನಂದು. ‘ವಾಸವಾಗಿದ್ದಾರೆ’ ಅನ್ನೋದು ‘ವಾಸವಾಗಿದ್ದರು’. ‘ಹಾಡುತ್ತಿದ್ದಾರೆ’ ಅನ್ನೋದು ‘ಹಾಡುತ್ತಿದ್ದರು’. ಒಂದೆರಡು ಅಕ್ಷರದ ಕೆಲಸ, ಅರ್ಧ ಗಂಟೆ ಹಿಡೀತು. ‘ಕಿಲ್ಲರ್ಸ್’ ಪೇಜಲ್ಲಿ ‘ಇಲ್ಲಿ ಪಾಲ್ ಕಿರುಚುತ್ತಾರೆ’ ಅಂತ ಒಂದು ಸಾಲಿದೆ. ಅದನ್ನ ಮುಟ್ಟಲಿಲ್ಲ. ಪ್ಲೇ ಒತ್ತಿದ್ರೆ ಈಗಲೂ ಕಿರುಚ್ತಾರಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಜಗಳ ಆಗ್ತಿರ್ಲಿಲ್ಲ. ಆದ್ರೆ ಪೇಜು ಪೂರ್ತಿ ಓದ್ತಾ ಹೋದ ಹಾಗೆ ಅಣ್ಣ ಏನೇನು ಬಿಟ್ಟಿದ್ದಾನೆ ಅಂತ ಕಾಣಿಸ್ತು. 1981ರಲ್ಲಿ ಅವರನ್ನ ಬ್ಯಾಂಡಿಂದ ಕಳಿಸಿದ್ದಕ್ಕೆ ಅಣ್ಣ ಕೊಟ್ಟ ಕಾರಣ ‘ಭಿನ್ನಾಭಿಪ್ರಾಯ’. ಕೊಕೇನ್ ಚಟ ಇತ್ತು ಅಂತ ಡಿಯಾನೊ ತಾವೇ ಹೇಳ್ಕೊಂಡಿದ್ದಾರೆ. 2011ರಲ್ಲಿ, ಬೆನ್ನಿನ ತೊಂದರೆಯಿಂದ ಕೆಲಸ ಮಾಡೋಕಾಗಲ್ಲ ಅಂತ ಸರ್ಕಾರದ ಭತ್ಯೆ ತಗೊಳ್ತಾ, ಅದೇ ಹೊತ್ತಲ್ಲಿ ವೇದಿಕೆ ಮೇಲೆ ಹಾಡಿದ್ದಕ್ಕೆ ಒಂಬತ್ತು ತಿಂಗಳ ಜೈಲು ಶಿಕ್ಷೆ ಆಯ್ತು. ಅದು ಪೇಜಲ್ಲಿ ಇಲ್ಲವೇ ಇಲ್ಲ. ಕೊನೆಯ ವರ್ಷಗಳಲ್ಲಿ ಕಾಲು ಕೈಕೊಟ್ಟು, ಅಭಿಮಾನಿಗಳು ದುಡ್ಡು ಕೂಡಿಸಿ ಕ್ರೊಯೇಷಿಯಾದಲ್ಲಿ ಚಿಕಿತ್ಸೆ ಕೊಡಿಸಿದ್ದು, ಗಾಲಿಕುರ್ಚಿಯಲ್ಲಿ ಕೂತೇ ಊರೂರು ಸುತ್ತಿ ಹಾಡಿದ್ದು, ಇದೂ ಇಲ್ಲ. ಅಣ್ಣ ಆ ಪೇಜು ಮುಟ್ಟಿ ಎಷ್ಟೋ ವರ್ಷ ಆಗಿತ್ತು ನೋಡಿ. ಎರಡನ್ನೂ ಬರೆದು, ಹಾಕೋ ಮುಂಚೆ ಅವನಿಗೆ ಕಳಿಸಿದೆ.

‘ಸತ್ತ ದಿನವೇ ಇದನ್ನ ಹಾಕ್ತೀಯಾ? ಮನುಷ್ಯಳಾ ನೀನು?’

ನಾನೂ ಸುಮ್ನಿರಲಿಲ್ಲ. ಜೈಲು ಬಿಟ್ರೆ ಆ ಗಾಲಿಕುರ್ಚಿ ಯಾರಿಗೆ ಅರ್ಥ ಆಗುತ್ತೆ ಅಂದೆ. ಅವರನ್ನ ಬೈದು, ಬಿಟ್ಟು, ಆಮೇಲೂ ದುಡ್ಡು ಕಳಿಸಿದ ಜನರ ಕಥೆ ಅದು, ಅದನ್ನ ಯಾಕೆ ಬಚ್ಚಿಡ್ಬೇಕು? ಅವನು ಹೇಳಿದ್ದು: ‘ಡೊಮೇನ್ ನನ್ನ ಹೆಸರಲ್ಲಿದೆ. ನವೆಂಬರ್‌ಗೆ ದುಡ್ಡು ಕಟ್ಟಬೇಕು. ಕಟ್ಟಲ್ಲ. ಅಲ್ಲಿಗೆ ಮುಗೀತು.’ ಫೋನ್ ಕಟ್.

17 ವರ್ಷದ ಸೈಟು. ನಾನು ಒತ್ತಕ್ಷರ ಕೂಡಿಸಿ ಕೂಡಿಸಿ ಉಳಿಸಿದ್ದು. ಮಾರನೇ ದಿನದ ಇಂಟರ್ನಲ್ಸ್ ಹೇಗಾಯ್ತು ಅಂತ ಕೇಳಬೇಡಿ.

ಹತ್ತು ದಿನ ಇಬ್ಬರಿಗೂ ಮಾತಿಲ್ಲ. ದೀಪಾವಳಿಗೆ ಎಲ್ಲರೂ ಊರಿಗೆ ಬಂದ್ರು. ಅಮಾವಾಸ್ಯೆಗೆ ನಮ್ಮನೇಲಿ ಹಿರಿಯರಿಗೆ ಎಡೆ ಇಡ್ತಾರೆ. ಹೋಳಿಗೆ, ಕೋಸಂಬರಿ, ಹೊಸ ಪಂಚೆ, ಅದರ ಪಕ್ಕ ಅಜ್ಜಿ ಪ್ರತಿ ವರ್ಷ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇಡ್ತಾಳೆ. ತಾತ ಬೀಡಿ ಸೇದಿ ಸೇದಿ ಕೆಮ್ಮಿಕೊಂಡೇ ಹೋದವರು. ಅವತ್ತು ಅಣ್ಣನ ಚಿಕ್ಕ ಮಗ ಕೇಳಿದ, ‘ಬೀಡಿ ಕೆಟ್ಟದ್ದಲ್ವಾ, ಯಾಕೆ ಇಟ್ಟಿದ್ದೀಯ?’ ಅಂತ.

ಅಜ್ಜಿ ಎಲೆ ಸರಿ ಮಾಡ್ತಾನೇ ಹೇಳಿದ್ಳು: ‘ಸೇದೋ ಮನುಷ್ಯ ಕಣಪ್ಪಾ. ಸೇದ್ತಿರ್ಲಿಲ್ಲ ಅಂತ ಎಡೆ ಇಟ್ರೆ, ಇದು ಯಾರ ಮನೆಯೋ ಅಂತ ಹಂಗೇ ಹೋಗಿಬಿಟ್ಟಾರು.’

ಅಣ್ಣ ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ. ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಹಾಕಿ ಕೂತ್ವಿ.

ರಾತ್ರಿ ಪಟಾಕಿ ಸದ್ದಿನ ಮಧ್ಯೆ ಮಾಳಿಗೆ ಮೇಲೆ ಬಂದು, ‘ತೋರ್ಸು’ ಅಂದ. ಲ್ಯಾಪ್‌ಟಾಪ್ ಕೊಟ್ಟೆ. ಎರಡು ಸಲ ಓದಿದ. ನಾನು ‘ವಂಚಕ’ ಅಂತ ಬರೆದಿದ್ದ ಕಡೆ ಬೆರಳಿಟ್ಟ. ‘ಇದು ಬೇಡ. ಮಾಡಿದ್ದೇನು ಅಂತ ಬರಿ. ಅವರು ಏನು ಅಂತ ನೀನು ತೀರ್ಮಾನ ಕೊಡಬೇಡ.’ ಒಪ್ಪಲೇಬೇಕಿತ್ತು. ಆ ಪದ ಬರೀವಾಗ ನನಗೆ ಅಣ್ಣನ ಮೇಲಿನ ಸಿಟ್ಟಿತ್ತೇ ಹೊರತು ಡಿಯಾನೊ ಮೇಲೆ ಏನೂ ಇರಲಿಲ್ಲ. ಈಗ ಅಲ್ಲಿ ‘ವಂಚನೆ ಪ್ರಕರಣದಲ್ಲಿ 2011ರಲ್ಲಿ ಒಂಬತ್ತು ತಿಂಗಳ ಶಿಕ್ಷೆಯಾಯಿತು’ ಅಂತಿದೆ. ಅದರ ಕೆಳಗೇ ಗಾಲಿಕುರ್ಚಿ. ಅದರ ಕೆಳಗೆ, 2022ರಲ್ಲಿ ಕ್ರೊಯೇಷಿಯಾದಲ್ಲಿ ಸ್ಟೀವ್ ಹ್ಯಾರಿಸ್ ಅವರನ್ನ ಬಂದು ಭೇಟಿಯಾಗಿದ್ದು. ಆ ಸಾಲನ್ನ ಅಣ್ಣನೇ ಟೈಪ್ ಮಾಡಿದ, ಒಂದೇ ಬೆರಳಲ್ಲಿ. ಯೂನಿಕೋಡ್ ಕೀಲಿಮಣೆ ಅವನಿಗೆ ಇನ್ನೂ ಬರಲ್ಲ.

ಡೊಮೇನ್ ಈಗ ನನ್ನ ಹೆಸರಿಗೆ ಬಂದಿದೆ. ಟ್ಯೂಷನ್ ದುಡ್ಡಲ್ಲಿ ನಾನೇ ಕಟ್ಟೋದು. ಅದಕ್ಕೇ ಕ್ಯಾಂಟೀನಲ್ಲಿ ನಿಮ್ಮ ಹತ್ರ ದೋಸೆ ಕೊಡಿಸ್ಕೊಳ್ಳೋದು, ಗೊತ್ತಾಯ್ತಾ?

ಕೊನೇ ಫೋಟೋ 2007ರ ಟಿಕೆಟ್ಟು. ಮಡಿಕೆ ಬಿದ್ದ ಕಡೆ ಬಣ್ಣ ಪೂರ್ತಿ ಹೋಗಿದೆ. ನಿಮ್ಮ ಅಣ್ಣ, ಮಾವ, ಅತ್ತೆ ಯಾರಾದ್ರೂ ಅವತ್ತು ಅರಮನೆ ಮೈದಾನದಲ್ಲಿ ಇದ್ದಿದ್ರೆ, ಅವರ ಟಿಕೆಟ್ಟು ಇನ್ನೂ ಬೀರುವಲ್ಲಿದ್ರೆ, ಫೋಟೋ ತೆಗೆದು ಮೆಸೇಜಲ್ಲಿ ಕಳಿಸಿ. ಸೀಟ್ ನಂಬರ್, ಹೆಸರು ಕಾಣೋ ಹಾಗಿದ್ರೆ ಮುಚ್ಚಿ ಕಳಿಸಿ. ಭಾಗ 7 ಅದರ ಮೇಲೆ ನಿಂತಿದೆ.