ಟ್ಯೂಷನ್ನಿಗೆ ಹಾಕೋದೋ ಬ್ಯಾಡೋ

ದಸರಾ ಸೂಟಿ ಮುಗದು ಸಾಲಿ ಸುರು ಆಗಿ ಮೂರ ದಿವ್ಸ ಆಗಿತ್ತು. ಎಂಟನೇತ್ತೆ ಓದೋ ನಮ್ಮ ಮಗಳು ಗಣಿತದ ಪೇಪರ್ ತಂದು ಫ್ರಿಜ್ ಮ್ಯಾಲ ಇಟ್ಟು, ಏನೂ ಮಾತಾಡಲಾರದ ಬಟ್ಟಿ ಬದ್ಲಿಸ್ಲಿಕ್ಕೆ ಒಳಗ ಹೋದ್ಲು. ಫ್ರಿಜ್ ಮ್ಯಾಲ ಯಾಕ ಅಂದ್ರ, ಅಲ್ಲೀ ತನಕಾ ನನ್ನ ಕೈ ಮುಟ್ಟೋದು ಕಡಿಮಿ ಅಂತ ಅಕಿಗೆ ಗೊತ್ತದ. ಖುರ್ಚಿ ತಗೊಂಡು ಹತ್ತಿ ನೋಡಿದೆ. 40ಕ್ಕ 13. ಪಾಸಾಗ್ಲಿಕ್ಕೆ 14 ಬೇಕು.

ಮರುದಿನ ಮುಂಜಾನೆ ಹಾಲು ತಗೋಳೋ ಮುಂದ ಬಾಜೂ ಮನಿ ವೈನಿಗೆ ಹೇಳಿ ತಪ್ಪ ಮಾಡಿದೆ. "ಇನ್ನೂ ಟ್ಯೂಷನ್ನಿಗೆ ಹಾಕಿಲ್ಲೇನ್ರಿ?" ಅಂದ್ರು. ಕೂಸಿಗೆ ಇನ್ನೂ ಪೋಲಿಯೋ ಹಾಕಿಸಿಲ್ಲೇನ್ರಿ ಅಂತ ಕೇಳ್ತಾರಲ್ಲ, ಥೇಟ್ ಹಂಗ. ಅವರ ಮಗ ಆರನೇತ್ತೆಯಿಂದನ ಹೋಗ್ಲಿಕತ್ತಾನಂತ. "ಎಸ್ಸೆಸ್ಸೆಲ್ಸಿಯೊಳಗ 625ಕ್ಕ ಲೆಕ್ಕಾ ಹಾಕ್ತಾರ್ರಿ, ಗಣಿತದಾಗ ಹೋದ್ರ ಮುಗೀತು" ಅಂದ್ರು. ನನ್ನ ಎದಿ ಧಸಕ್ ಅಂತು.

ಧಾರವಾಡದಾಗ ಇದ್ದು ಕ್ಲಾಸಿಗೇನು ಬರಾ ಹೇಳ್ರಿ. ಸಪ್ತಾಪುರದ ಕಡೆ ಹೋದ್ರ ಗ್ವಾಡಿ ಕಾಣಂಗಿಲ್ಲ, ಬರೇ ಬೋರ್ಡು. ಅಂಥಾದೊಂದಕ್ಕ ನಾನೂ ನಮ್ಮನಿಯವರೂ ಹೋದ್ವಿ. ಸರ್ ಭಾಳ ಸಮಾಧಾನದಿಂದ ಮಾತಾಡಿದ್ರು. ವರ್ಷಕ್ಕ 22,000, ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. ನಮ್ಮನಿಯವರು ಅಲ್ಲೇ ಮೊಬೈಲ್ ತಗದು 25,960 ಅಂದ್ರು. ಸಂಜಿ ಐದೂವರಿಗೆ ಸುರು, ಏಳೂವರಿಗೆ ಬಿಡ್ತಾರ. ಬ್ಯಾಚಿನ್ಯಾಗ 45 ಹುಡುಗ್ರು. "ಅಕಿಗೆ ಏನು ಬರಂಗಿಲ್ಲ ಅಂತ ಮೊದ್ಲ ನೋಡ್ತೀರೇನ್ರಿ ಸರ್?" ಅಂತ ಕೇಳಿದೆ. "ಎಲ್ಲಾ ಕವರ್ ಆಗ್ತದ್ರಿ ಮೇಡಮ್ಮರ" ಅಂದ್ರು. ಅಲ್ಲಾ, ಡಾಕ್ಟರು ಸೈತ ಔಷಧ ಕೊಡೋ ಮೊದ್ಲು ನಾಲಿಗಿ ತಗಿ ಅಂತಾರಲ್ರಿ.

ಆದ್ರೂ ಫಾರ್ಮ್ ತಗೊಂಡು ಬಂದ್ವಿ. ಸಂಜಿಗೆ ಮಗಳ ಮುಂದ ಇಟ್ಟೆ. ಖೋಖೋ ಬಿಡಬೇಕಾಗ್ತದ ಅಂತ ಅಳ್ತಾಳ ಅಂದ್ಕೊಂಡಿದ್ದೆ. ಅಕಿ ಖೋಖೋ ಮಾತ ಎತ್ತಲಿಲ್ಲ. "ಸಾಲ್ಯಾಗ 50 ಮಂದಿ ಮುಂದ ಸುಮ್ನ ಕೂಡ್ತೀನಿ. ಅಲ್ಲಿ ಹೋಗಿ ಮತ್ತ 45 ಮಂದಿ ಮುಂದ ಸುಮ್ನ ಕೂಡಬೇಕಾ?" ಅಂದ್ಲು. ಸುಮ್ನ ಅಂದ್ರ? "ತಿಳೀಲಿಲ್ಲ ಅಂತ ಕೈ ಎತ್ತಿದ್ರ ಇದೂ ಬರಂಗಿಲ್ಲೇನು ಅಂತ ನಗ್ತಾರ."

ಹಂಗಾರ ನಾನ ಕಲಿಸ್ತೀನಿ ಅಂತ ಸೆರಗ ಕಟ್ಟಿದೆ. ಬಿಕಾಂ ಆಗೇದ ನಂದು, ಎಂಟನೇತ್ತೆ ಲೆಕ್ಕ ಏನ್ ಮಹಾ ಅಂತ. ಐದ ದಿವ್ಸ ನಡೀತು. ಒಂದನೇ ದಿವ್ಸ ಪ್ರೀತಿ, ಎರಡನೇ ದಿವ್ಸ ಸಮಾಧಾನ, ಮೂರನೇ ದಿವ್ಸ ಒದರಾಟ. ಐದನೇ ದಿವ್ಸ ಕುಕ್ಕರ್ ಸೀಟಿ ಒಂದ ಕಡೆ, ಅಕಿ ಅದ ತಪ್ಪು ನಾಲ್ಕನೇ ಸಲ ಮಾಡಿದ್ದು ಒಂದ ಕಡೆ. ನೋಟಬುಕ್ ತಗದು ನೆಲಕ್ಕ ಬಡದೆ. ಹಾಳಿ ಹರದು ಹೋತು. ಅಕಿ ಅಳಲಿಲ್ಲ. ಹಾಳಿ ಆರಿಸಿ, ಟೇಪ್ ಹಚ್ಕೋತ ಕೂತ್ಲು. ಅದನ್ನ ನೆನಸಿಕೊಂಡ್ರ ಇವತ್ತಿಗೂ ಹೊಟ್ಯಾಗ ಕಲಸ್ತದ.

ಒದರಾಟ ಕೇಳಿ ನಮ್ಮ ಮಾವನವರು ಕೋಣಿಯಿಂದ ಎದ್ದು ಬಂದ್ರು. ಮುಕ್ಕಾಲ ಮಗ್ಗಿ ಬಾಯಿಪಾಠ ಕಲಿತ ಕಾಲದವರು. "ಮುಕ್ಕಾಲ ಎಂಟ್ಲೆ ಆರು" ಅಂತ ಇವತ್ತಿಗೂ ಕಾಯಿಪಲ್ಲೆ ಲೆಕ್ಕಾ ಮಾಡ್ತಾರ. ಲೆಕ್ಕ ಏನಂತ ಕೇಳಿದ್ರು. ಒಂದು ಸಂಖ್ಯಾದ ಅರ್ಧಾಕ್ಕ ಅದರ ಮೂರನೇ ಒಂದು ಭಾಗ ಕೂಡಿಸಿದ್ರ 5 ಆಗ್ತದ, ಆ ಸಂಖ್ಯಾ ಯಾವ್ದು? ನಮ್ಮಾಕಿ ಉತ್ತರ ಹನ್ನೆರಡೂವರಿ.

"ಹನ್ನೆರಡೂವರಿ ಅರ್ಧಾನ ಆರರ ಮ್ಯಾಲ ಹೋತಲ್ಲೋ ಕೂಸ, ಕೂಡಿಸಿದ ಮ್ಯಾಲ ಐದು ಹೆಂಗ ಆದೀತು?" ಅಂದ್ರು. ಅಕಿ ಹಾಳಿ ತೋರಿಸಿದ್ಲು. ಎಕ್ಸ್ ಅಂತ ಇಟಗೊಂಡದ್ದು ಬರೋಬ್ಬರಿ, ಸಮೀಕರಣ ಬರೋಬ್ಬರಿ. ಅದರ ಕೆಳಗಿನ ಸಾಲಿನ್ಯಾಗ 1/2ಕ್ಕ 1/3 ಕೂಡಿಸಿ 2/5 ಅಂತ ಬರದಿದ್ಲು. ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ ಕೂಡಿಸಿಬಿಟ್ಟಾಳ! ನಾನು ಐದ ದಿವ್ಸದಿಂದ ಎಕ್ಸ್ ಬಗ್ಗೆ ಒದರ್ಲಿಕತ್ತಿದ್ದೆ.

"ಅರ್ಧಾ ರೊಟ್ಟಿ ತಿಂದಿ. ಮ್ಯಾಲ ಇನ್ನೊಂದ ಚೂರು ತಿಂದಿ. ಒಟ್ಟಾ ತಿಂದದ್ದು ಅರ್ಧಾಕ್ಕಿಂತ ಕಡಿಮಿ ಆತೇನು?" ಅಂತ ಅಜ್ಜಾ ಕೇಳಿದ್ರು. ಅಕಿ ನಕ್ಲು. ಆಮ್ಯಾಲ 2/5ರ ಮ್ಯಾಲ ಬಟ್ಟ ಇಟ್ಟು ಭಾಳ ಹೊತ್ತು ನೋಡಕೋತ ಕೂತ್ಲು.

ಆ ರಾತ್ರಿ ಹಳೇ ನೋಟಬುಕ್ ಎಲ್ಲಾ ತಗದೆ. ಆರನೇತ್ತೆ ನಟ್ಟನಡುವ ನಮ್ಮನಿಯವರಿಗೆ ಬಾಗಲಕೋಟಿಯಿಂದ ಇಲ್ಲಿಗೆ ವರ್ಗ ಆಗಿತ್ತು. ಅಲ್ಲಿ ಸಾಲ್ಯಾಗ ಭಿನ್ನರಾಶಿ ಇನ್ನೂ ಸುರು ಆಗಿದ್ದಿಲ್ಲ, ಇಲ್ಲಿ ಬರೋದ್ರಾಗ ಮುಗದಿತ್ತು. ಎರಡು ನೋಟಬುಕ್ಕಿನ ನಡುವ ಆ ಪಾಠನ ಇಲ್ಲ. ಸಾಮಾನು ಕಟ್ಟೋ ಗಡಿಬಿಡ್ಯಾಗ ನಾವು ಉಪ್ಪಿನಕಾಯಿ ಭರಣಿ ಒಡೀದಂಗ ತಂದಿದ್ವಿ, ಇದನ್ನ ಯಾರೂ ನೋಡಿದ್ದಿಲ್ಲ. ಸಪ್ತಾಪುರದ ಕ್ಲಾಸಿಗೆ ಹಾಕಿದ್ರ ಅವರೂ ಎಂಟನೇತ್ತೆ ಮುಂದಿನ ಪಾಠನ ಹೇಳ್ತಿದ್ರು. ಅಡಿಪಾಯದಾಗ ಇಟ್ಟಂಗಿ ಇಲ್ಲ, ಮ್ಯಾಲ ಮಾಳಿಗಿ ಏರಸೋದು.

ಸಾಲಿ ಅಕ್ಕೋರ ಕಡೆ ಹೋಗಿ, ನೀವ ಸಂಜಿಗೆ ಹೇಳಿಕೊಡ್ತೀರೇನ್ರಿ ಅಂತ ಕೇಳಿದೆ. "2009ರ ಶಿಕ್ಷಣ ಹಕ್ಕಿನ ಕಾಯ್ದೆದಾಗ ಮಾಸ್ತರ್ರು ಟ್ಯೂಷನ್ ಹೇಳಬಾರ್ದು ಅಂತ ಅದರಿ" ಅಂದ್ರು. ನನಗ ಖರೇನ ಗೊತ್ತಿದ್ದಿಲ್ಲ. ಆದ್ರ ಆರು, ಏಳನೇತ್ತೆ ಪುಸ್ತಕದಾಗ ಯಾವ್ಯಾವ ಪಾಠ ಮಾಡಿಸಬೇಕು ಅಂತ ಒಂದ ಚೀಟಿ ಬರದು ಕೊಟ್ರು. 25,960 ಕೊಟ್ರೂ ಆ ಚೀಟಿ ಸಿಗ್ತಿದ್ದಿಲ್ಲ.

ಕಲಸೋರು ಯಾರು? ನಾನಂತೂ ಅಲ್ಲ, ನೋಟಬುಕ್ ಬಡದ ಮ್ಯಾಲ ನನಗ ಆ ಹಕ್ಕಿಲ್ಲ. ಮಾವನವರಿಗೆ ಅರ್ಧಾ ತಾಸಿಗೆ ತೂಕಡಿಕಿ. ನಮ್ಮ ಮ್ಯಾಲಿನ ಖೋಲ್ಯಾಗ ಬಾಡಿಗಿ ಇರೋ ಹುಡುಗಿ ಕರ್ನಾಟಕ ವಿಶ್ವವಿದ್ಯಾಲಯದಾಗ ಎಮ್ಮೆಸ್ಸಿ ಗಣಿತ ಓದ್ತಾಳ. ಕೇಳಿದ್ವಿ. ಮಂಗಳವಾರ, ಶುಕ್ರವಾರ, ಒಂದೊಂದ ತಾಸು, ಖೋಖೋ ಮುಗದ ಮ್ಯಾಲ. ತಿಂಗಳಿಗೆ 1,500. ಅಕಿ ರೊಕ್ಕಾ ಬ್ಯಾಡ ಅಂದ್ಲು, ನಾವು ಕೇಳಲಿಲ್ಲ. ಶುಕ್ರವಾರ ರಾತ್ರಿ ಊಟನೂ ನಮ್ಮಲ್ಲೆ. ಸಂಕ್ರಾಂತಿ ತನಕಾ ಆರನೇತ್ತೆ, ಏಳನೇತ್ತೆ ಪುಸ್ತಕ ಅಷ್ಟ. ಆಮ್ಯಾಲ ಬೇಕೋ ಬ್ಯಾಡೋ ಅಂತ ಮತ್ತ ನೋಡೋದು.

ಹಂಗಂತ ಎಲ್ಲಾ ಸರಳ ಆತು ಅಂತಲ್ಲ. ಮೊನ್ನಿ ಸಣ್ಣ ಪರೀಕ್ಷಾದಾಗ 20ಕ್ಕ 11 ಬಂತು. ವೈನಿ ಮಗಗ 19. "ಇನ್ನೂ ಹೊತ್ತದ, ನಮ್ಮ ಕ್ಲಾಸಿಗೆ ಹಾಕ್ರಿ" ಅಂತ ವೈನಿ ಅಂದ ದಿನ ರಾತ್ರಿ ನನಗ ನಿದ್ದಿ ಬರಂಗಿಲ್ಲ. ಆ ಫಾರ್ಮ್ ಇನ್ನೂ ಕಪಾಟಿನ್ಯಾಗ ಅದ, ಹರದು ಒಗದಿಲ್ಲ. ಹತ್ತನೇತ್ತೆಗೆ ಬೇಕಾದೀತು, ಯಾರಿಗೊತ್ತು.

ಹೋದ ಮಂಗಳವಾರ ಮಗಳು ಕಂಪಾಸ್ ಮರತು ಮ್ಯಾಲ ಹೋಗಿದ್ಲು. ಕೊಡ್ಲಿಕ್ಕೆ ಅಂತ ಹತ್ತಿ ಹೋದೆ. ಬಾಗಲ ಅರ್ಧಾ ತಗದಿತ್ತು. "ಅಕ್ಕಾ, ಇದು ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳು" ಅನ್ನಲಿಕತ್ತಿದ್ಲು, ಮೂರು ಮನಿಗೆ ಕೇಳೋ ಹಂಗ ದೊಡ್ಡ ದನಿಲೆ. ಹೊಸ್ತಿಲದಾಗ ನಿಂತು ಕೇಳಕೋತ ನಿಂತೆ. ಬಳಿ ಸಪ್ಪಳಾತೋ ಏನೋ, ಹೊಳ್ಳಿ ನೋಡಿದ್ಲು.

"ಅಮ್ಮಾ, ಕಂಪಾಸ್ ಅಲ್ಲೇ ಇಡು. ನೀ ಕೆಳಗ ಹೋಗು."