ರಸ್ತೆ ಮೊದಲೋ, ಬಸ್ಸು ಮೊದಲೋ

ಇಲೆಕ್ಷನ್ ಮುಗದು ಎಷ್ಟ ದಿನ ಆತು, ನಮ್ಮನ್ಯಾಗ ಮಾತ್ರ ಇನ್ನೂ ಮುಗದಿಲ್ಲ ನೋಡ್ರಿ. 2023ರ ಮೇ ತಿಂಗಳದಾಗ ಫಲಿತಾಂಶ ಬಂತು. ಜೂನ್ 11ಕ್ಕ ಹೆಂಗಸೂರಿಗೆ ಬಸ್ಸು ಪುಕ್ಕಟೆ ಆತು. ಅದರ ಬೆನ್ನಿಗೇ ಮಣ್ಣೆತ್ತಿನ ಅಮಾಸಿ ಬಂತು. ಹುಬ್ಬಳ್ಳಿಯಿಂದ ಮೈದುನ, ನೆಗೆಣ್ಣಿ, ಮಕ್ಕಳು ಎಲ್ಲಾ ಧಾರವಾಡಕ್ಕ ಬಂದಿದ್ರು. ಹೂರಣದ ಕಡಬು ಉಂಡು ಗಂಡಸೂರು ಪಡಸಾಲ್ಯಾಗ ಅಡ್ಡಾಗಿದ್ರು. ಅವತ್ತ ಸುರು ಆದ ವಾದ, ಹಬ್ಬಕ್ಕೊಮ್ಮೆ ಮತ್ತ ಏಳ್ತದ.

ಮೈದುನ ಅಂದ, “ವೈನಿ, ಈ ಪುಕ್ಕಟೆ ಟಿಕೆಟ್ಟಿಗೆ ಹಾಕು ರೊಕ್ಕಾ ರಸ್ತೆಕ್ಕ ಹಾಕಿದ್ರ ಎಷ್ಟ ಛಲೋ ಆಗ್ತಿತ್ತು! ರಸ್ತೆ ಅಂದ್ರ ಎಲ್ಲಾರಿಗೂ. ಲಾರಿಗೂ ಬೇಕು, ಆಂಬುಲೆನ್ಸಿಗೂ ಬೇಕು, ನಿಮ್ಮ ಬಸ್ಸಿಗೂ ಬೇಕು.”

ನಾ ಎಲ್ಲಿ ಸುಮ್ನ ಕೂಡ್ತೀನಿ? ಕೈಯಾಗಿನ ಸೌಟು ಹಿಡಕೊಂಡ ಹೊರಗ ಬಂದೆ. “ಹುಬ್ಬಳ್ಳಿ-ಧಾರವಾಡ ರಸ್ತೆ ಅಗಲ ಆತಲ್ಲ, ಗಾಡಿ ಕಡಿಮಿ ಆದ್ವೇನು? ನೀ ಒಬ್ಬನ ಒಂದು ಕಾರು ತಗೊಂಡ ಬರ್ತಿ. ಅಂಥಾ ಎರಡು-ಮೂರು ಕಾರಿನ ಜಾಗಾದಾಗ ಒಂದು ಚಿಗರಿ ಬಸ್ಸು ಐವತ್ತು ಮಂದೀನ್ನ ತರ್ತದ” ಅಂದೆ. ಚಿಗರಿಗೆ ನಡುವ ಬ್ಯಾರೆ ದಾರಿ ಮಾಡ್ಯಾರ, ಸುಮಾರು 22 ಕಿಲೋಮೀಟರ್. 2018ರಾಗ ಓಡ್ಲಿಕ್ಕೆ ಸುರು ಆತು, 2020ರ ಫೆಬ್ರುವರಿದಾಗ ಉದ್ಘಾಟನಿ ಆತು. ಬಾಜೂಕ ಟ್ರಾಫಿಕ್ಕಿನಾಗ ಸಿಕ್ಕಾಗೊಮ್ಮೆ ನಮ್ಮನಿಯವರು ಆ ಖಾಲಿ ದಾರಿ ನೋಡಿ ಹೊಟ್ಟಿ ಉರಕೋತಾರ. ಅದು ಎ.ಸಿ. ಬಸ್ಸು, ಅದಕ್ಕ ಶಕ್ತಿ ಟಿಕೆಟ್ ನಡಿಯೂದಿಲ್ಲ. ನನ್ನ ಮೊಣಕಾಲಿಗೆ ನಿಂತು ಹೋಗೂದು ಆಗೂದಿಲ್ಲಂತ ನಾ ರೊಕ್ಕಾ ಕೊಟ್ಟ ಅದರಾಗ ಹೋಗ್ತೀನಿ. ಹಿಂಗಾಗಿ ನನಗೇನೂ ಪುಕ್ಕಟೆ ಬೇಕಂತ ನಾ ವಾದಾ ಮಾಡ್ತಿದ್ದಿಲ್ಲ.

ನಾ ವಾದಾ ಮಾಡ್ತಿದ್ದದ್ದು ನಮ್ಮವ್ವನ ಸಂಬಂಧ.

ನನ್ನ ತವರೂರು ನವಲಗುಂದ ತಾಲೂಕಿನಾಗ, ಎರಿ ಸೀಮಿ. ಅಪ್ಪ ಹೋದ ಮ್ಯಾಲೆ ಅವ್ವ ಅಣ್ಣನ ಕಡೆ ಇರ್ತಾಳ. ಅಣ್ಣ ಕೆಟ್ಟವಲ್ಲ, ಬೇಡಿದ್ರ ಇಲ್ಲ ಅನ್ನೂದಿಲ್ಲ. ಆದ್ರ ಬೇಡಬೇಕಲ್ಲ! ಎಪ್ಪತ್ತರ ಹತ್ರ ಬಂದಾಕಿ, ಮಗಳ ಮನಿಗೆ ಹೋಗಲಿಕ್ಕೆ ಮಗನ ಮುಂದ ಕೈ ಒಡ್ಡೂದು ಅಂದ್ರ ಹೆಂಗಿರ್ತದ? ಫೋನಿನಾಗ ಕೇಳಿದ್ರ “ಹೊಲದಾಗ ಕೆಲಸ ಅದವ, ಆಮ್ಯಾಲೆ ಬರ್ತೀನಿ” ಅಂತಿದ್ಲು. ಕೆಲಸ ಅಲ್ಲ, ಬಸ್ ಚಾರ್ಜು ಅಂತ ನನಗ ಭಾಳ ತಡಾ ತಿಳೀತು.

ಆ ವರ್ಷ ಶ್ರಾವಣದಾಗ ಒಂದಿನ ಬಾಗಲಾ ಬಡದ ಸಪ್ಪಳಾತು. ನೋಡಿದ್ರ ಅವ್ವ! ಒಬ್ಬಾಕಿನ ಬಂದಾಳ. ಕೈಚೀಲದಾಗ ಹೆಸರುಕಾಳು, ಶೇಂಗಾ. ಎಲಿಅಡಿಕಿ ಚೀಲದಾಗ ಶೂನ್ಯ ಟಿಕೆಟ್ಟು, ನಾಕು ಮಡಿಕಿ ಮಾಡಿ ಇಟ್ಟಾಳ. “ಯಾರಿಗೂ ಕೇಳಲಿಲ್ಲವ, ಹೇಳಿ ಬಂದೆ” ಅಂದ್ಲು. ಕೇಳೂದಕ್ಕೂ ಹೇಳೂದಕ್ಕೂ ಎಷ್ಟ ಫರಕ ಅದ ಅನ್ನೂದು ನಮ್ಮ ಗಂಡಸೂರಿಗೆ ಹೆಂಗ ತಿಳಸಬೇಕ್ರಿ?

ಇಷ್ಟಕ್ಕ ನಾ ಗೆದ್ದೆ ಅಂತ ಬರದು ಮುಗಸಬಹುದಿತ್ತು. ಆದ್ರ ಖರೆ ಹೇಳಬೇಕಲ್ಲ.

ಮುಂದಿನ ಹಬ್ಬಕ್ಕ ಅವ್ವನ ಕಥಿ ಹೇಳಿದಾಗ ಮೈದುನ ನಗಲಿಲ್ಲ. “ವೈನಿ, ಇಟಿಗಟ್ಟಿ ನೆನಪದ ಏನು?” ಅಂದ. 2021ರ ಸಂಕ್ರಾಂತಿ ಮರುದಿನ. ದಾವಣಗೆರಿಯ ಗೆಳತ್ಯಾರು ಕೂಡಿ ಗೋವಾಕ್ಕ ಹೊಂಟಿದ್ರು. ನಮ್ಮ ಬೈಪಾಸಿನ ಮ್ಯಾಲೆ ಟಿಪ್ಪರಿಗೆ ಬಡದು ಹತ್ತಕ್ಕೂ ಹೆಚ್ಚು ಮಂದಿ ಹೋದ್ರು. ಬರೇ ಎರಡು ಸಾಲಿನ ದಾರಿ, ಅದರಾಗ ಎದರಾ-ಬದರಾ ಲಾರಿಗಳು. ಅದನ್ನ ಅಗಲ ಮಾಡೂದು ಚೈನಿ ಅಲ್ಲ, ಜೀವದ ಮಾತು. ಪಡಸಾಲ್ಯಾಗ ಯಾರೂ ಮಾತಾಡಲಿಲ್ಲ.

ನನಗ ನಮ್ಮಪ್ಪ ನೆನಪಾದ. 2019ರ ಆಗಸ್ಟಿನ ಮಳಿ ನಿಮಗೆಲ್ಲಾ ಗೊತ್ತದ. ಬೆಣ್ಣಿಹಳ್ಳ ತುಂಬಿ ರಸ್ತೆದ ಮ್ಯಾಲೆ ಬಂದಿತ್ತು. ಅಪ್ಪ ಹೋದ ಸುದ್ದಿ ಬಂದಾಗ ನಾ ಉಟ್ಟ ಸೀರಿಮ್ಯಾಲೇ ಹೊಂಟೆ. ನವಲಗುಂದದಾಗ ನಿಂತೆ. ಬಸ್ಸು ಇತ್ತು, ರೊಕ್ಕ ಇತ್ತು, ದಾರಿ ಇದ್ದಿದ್ದಿಲ್ಲ. ಎರಡು ದಿನ ಆದ ಮ್ಯಾಲೆ ಮನಿ ಮುಟ್ಟಿದೆ. ಅಪ್ಪನ ಮಾರಿ ಸುದ್ದಾ ನೋಡಲಿಲ್ಲ. ಅವತ್ತ ಯಾರರ ಬಂದು ನಿನಗ ಪುಕ್ಕಟೆ ಬಸ್ಸು ಬೇಕೋ, ಹಳ್ಳಕ್ಕ ಎತ್ತರದ ಸೇತುವೆ ಬೇಕೋ ಅಂತ ಕೇಳಿದ್ರ ನಾ ಏನಂತಿದ್ದೆ?

ಇನ್ನೊಂದು ಮಾತೂ ಅದ. ಅವ್ವನ್ನ ಬಿಟ್ಟ ಬರಲಿಕ್ಕೆ ಹೋದಾಗ ಬಸ್ಸಿನಾಗ ಕಾಲಿಡಲಿಕ್ಕೆ ಜಾಗ ಇದ್ದಿದ್ದಿಲ್ಲ. ನಡುವಿನ ಒಂದು ಊರಾಗ ಸಾಲಿ ಹುಡಿಗ್ಯಾರು ಕೈ ಮಾಡಿದ್ರೂ ಡ್ರೈವರ್ ನಿಲ್ಲಸಲಿಲ್ಲ. ಅವನರ ಎಲ್ಲಿ ಹತ್ತಿಸಿಕೋಬೇಕು? ಆ ಹುಡಿಗ್ಯಾರ ಮಾರಿ ಕಿಡಕ್ಯಾಗಿಂದ ನೋಡಿದೆ. ಟಿಕೆಟ್ ಪುಕ್ಕಟೆ ಮಾಡಿದ್ರ ಸಾಲೂದಿಲ್ಲ, ಬಸ್ಸೂ ಹೆಚ್ಚು ಮಾಡಬೇಕು. 2025ರ ಜನವರಿದಾಗ ಬಸ್ ಚಾರ್ಜು ನೂರಕ್ಕ 15 ಏರಿದಾಗ ಮೈದುನ, “ನೋಡ್ರಿ, ನಿಮ್ಮದು ನಾವು ಕೊಡ್ಲಿಕತ್ತೇವಿ” ಅಂತ ಛಾಷ್ಟಿ ಮಾಡಿದ. “ನಿಮ್ಮ ಕಾರು ಓಡು ರಸ್ತೆಕ್ಕ ನಮ್ಮವ್ವನೂ ಕೊಟ್ಟಾಳ, ಸಕ್ಕರಿ-ಚಹಾಪುಡಿ ಕೊಂಡಾಗೊಮ್ಮೆ ಟ್ಯಾಕ್ಸು ಕಟ್ಟಿ” ಅಂದೆ.

ಕಡೀಕ ತಂಟೆ ಬಿಡಿಸಿದವರು ನಮ್ಮತ್ತಿ. ಹೂಬತ್ತಿ ಹೊಸಕೋತ ಕೂತಿದ್ರು. “ಒಲಿ ಇಲ್ಲದ ಭಾಂಡೆ, ಭಾಂಡೆ ಇಲ್ಲದ ಒಲಿ, ಎರಡರಾಗ ಅನ್ನಾ ಯಾವುದರಾಗ ಆಗ್ತದ್ರೋ? ಸುಮ್ನ ಚಹಾ ಕುಡೀರಿ” ಅಂದ್ರು.

ಈಗ ನನ್ನ ಲೆಕ್ಕ ಇಷ್ಟ. ಊರಾಗ ಇದ್ದ ರಸ್ತೆ ಕಾರಿನ ಸಂಬಂಧ ಇನ್ನೂ ಅಗಲ ಮಾಡೂದು ಬ್ಯಾಡ, ಅಲ್ಲೆ ಬಸ್ಸು ಹೆಚ್ಚು ಬಿಡ್ರಿ. ಹಳ್ಳಿಗೆ ಮಾತ್ರ ಮೊದಲ ಮಳಿಗೆ ಮುಳುಗದ ದಾರಿ ಮಾಡ್ರಿ, ಆ ದಾರಿ ಮ್ಯಾಲೆ ದಿನಕ್ಕ ಎರಡಲ್ಲ, ನಾಕು ಬಸ್ಸು ಓಡಸ್ರಿ. ಮೈದುನ ಇದಕ್ಕ ಅರ್ಧಾ ಒಪ್ಪ್ಯಾನ. ಉಳದರ್ಧಾ ದೀಪಾವಳಿಗೆ.

ಅವ್ವ ಈಗ ತಿಂಗಳಿಗೊಮ್ಮೆ ಬರ್ತಾಳ. ನಾಕು ದಿನ ಇರ್ತಾಳ. ಆದ್ರ ಮೋಡ ಕಟ್ಟಿತೆಂದ್ರ ಸಾಕು, ಚೀಲಾ ಹುಡಕಲಿಕ್ಕೆ ಸುರು ಮಾಡ್ತಾಳ. “ಹಳ್ಳ ಬರೂಕಿಂತ ಮೊದಲ ಊರು ಮುಟ್ಟತೀನವ” ಅಂತಾಳ. ನಾ ಇರು ಅನ್ನೂದಿಲ್ಲ. ಸ್ಟ್ಯಾಂಡಿಗೆ ಹೋಗಿ ಕಿಡಕಿ ಬಾಜೂಕ ಜಾಗಾ ಹಿಡದು ಕೂಡಸಿ ಬರ್ತೀನಿ.