ಅರ್ಧ ಹೆಜ್ಜೆ ಹಿಂದೆ

ನಮ್ಮ ಆಲೆಟ್ಟಿಯಲ್ಲಿ ಐಸ್ ಕಾಣಸಿಗುವುದು ಮೀನಿನವನ ಸ್ಕೂಟರಿನ ಪೆಟ್ಟಿಗೆಯಲ್ಲಿ. ಜಾತ್ರೆಯ ದಿನವಾದರೆ ಐಸ್‌ಕ್ಯಾಂಡಿ ಗಾಡಿಯಲ್ಲಿ. ಅದರ ಮೇಲೆ ಜಾರುತ್ತ ಕುಣಿಯಬಹುದು, ಅದೂ ಒಬ್ಬರಲ್ಲ, 16 ಮಂದಿ ಕೈ ಕೈ ಹಿಡಿದುಕೊಂಡು ಕುಣಿಯಬಹುದು ಎನ್ನುವುದು ನನಗೆ ಗೊತ್ತಾದದ್ದು ಪಿಎಚ್.ಡಿ.ಗೆ ಸೇರಿದ ಮೇಲೆ. ನನ್ನದು ಭೌತಶಾಸ್ತ್ರ. ಒಂದಕ್ಕೊಂದು ತಾಗಿಕೊಂಡಿರುವ ಲೋಲಕಗಳು, ಮಿನುಗುವ ಹುಳುಗಳು, ಚಪ್ಪಾಳೆ ತಟ್ಟುವ ಜನ, ಇವೆಲ್ಲ ಯಾರೂ ಹೇಳಿಕೊಡದೆ ಒಂದೇ ಲಯಕ್ಕೆ ಬರುವುದು ಹೇಗೆ ಎಂಬುದರ ಗಣಿತ. ಸೆಮಿನಾರಿಗೆಂದು ಉದಾಹರಣೆ ಹುಡುಕುತ್ತಿದ್ದಾಗ ಫಿನ್‌ಲೆಂಡಿನ ಟೀಮ್ ಫಿನ್‌ಟಾಸ್ಟಿಕ್ ಎಂಬ ಜೂನಿಯರ್ ತಂಡದ ವಿಡಿಯೊ ಸಿಕ್ಕಿತು. ಸಿಂಕ್ರನೈಸ್ಡ್ ಸ್ಕೇಟಿಂಗ್. ಹದಿಹರೆಯದ ಹುಡುಗಿಯರು, ಒಂದೇ ಬಣ್ಣದ ಉಡುಪು, ಒಂದೇ ರೀತಿ ಕಟ್ಟಿದ ಕೂದಲು. ನಾನು ಆ ರಾತ್ರಿ ಹಾಸ್ಟೆಲಿನಲ್ಲಿ ಎರಡು ಗಂಟೆವರೆಗೆ ಅಂಥದ್ದನ್ನೇ ನೋಡುತ್ತ ಕುಳಿತಿದ್ದೆ. ಅದರಲ್ಲಿ ಸಂಶೋಧನೆ ಎಷ್ಟು, ಬರೀ ಮೋಜು ಎಷ್ಟು ಎಂದು ಗೈಡ್ ಕೇಳದಿದ್ದರೆ ಸಾಕು.

ಈ ಆಟ ಶುರುವಾದದ್ದು 1956ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್ ಎಂಬ ಊರಿನಲ್ಲಿ. ರಿಚರ್ಡ್ ಪೋರ್ಟರ್ ಎಂಬವರು ಕಟ್ಟಿದ ‘ಹಾಕೆಟ್ಸ್’ ತಂಡ ಅಲ್ಲಿನ ವಿಶ್ವವಿದ್ಯಾಲಯದ ಐಸ್ ಹಾಕಿ ಪಂದ್ಯಗಳ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರನ್ನು ರಂಜಿಸುತ್ತಿತ್ತು. ಅಂದರೆ ಹುಟ್ಟಿದ್ದೇ ಇನ್ನೊಂದು ಆಟದ ಸಂದಿಯಲ್ಲಿ. ಹಿರಿಯರ ಮೊದಲ ವಿಶ್ವ ಚಾಂಪಿಯನ್‌ಶಿಪ್ 2000ದಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆಯಿತು, ಗೆದ್ದದ್ದು ಸ್ವೀಡನ್ನಿನ ತಂಡ. ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ಗೆ 2013ರ ತನಕ ಕಾಯಬೇಕಾಯಿತು. ಒಲಿಂಪಿಕ್ಸಿಗೆ ಇನ್ನೂ ಸೇರಿಲ್ಲ. ಜೂನಿಯರ್ ತಂಡ ಎರಡು ಪ್ರದರ್ಶನ ಕೊಡಬೇಕು. ಮೊದಲನೆಯದು 2 ನಿಮಿಷ 50 ಸೆಕೆಂಡು ಮೀರದ ಚಿಕ್ಕದು. ಅದರಲ್ಲಿ ಏನೇನು ಇರಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಎರಡನೆಯದು ಮೂರೂವರೆ ನಿಮಿಷದ, ಸ್ವಲ್ಪ ಸ್ವಾತಂತ್ರ್ಯವಿರುವ ಫ್ರೀ ಸ್ಕೇಟಿಂಗ್. ವರ್ಷವಿಡೀ ಬೆಳಗ್ಗೆ ಬೇಗ ಎದ್ದು ಮಾಡಿದ ಅಭ್ಯಾಸವೆಲ್ಲ ಆರೇಳು ನಿಮಿಷದಲ್ಲಿ ಮುಗಿಯುತ್ತದೆ.

ರಜೆಗೆ ಊರಿಗೆ ಬಂದಾಗ ಅದನ್ನೇ ಅಕ್ಕನ ಮಗಳಿಗೆ ತೋರಿಸಿದೆ. ಎಂಟನೇ ಕ್ಲಾಸು, ಮೊಬೈಲು ಕೈಗೆ ಸಿಕ್ಕರೆ ಬಿಡುವ ಜಾತಿಯಲ್ಲ. ಒಂದು ನಿಮಿಷ ನೋಡಿದವಳೇ, "ಮಾವ, ಇದು ನಮ್ಮ ಕುಣಿತ ಭಜನೆಯೇ ಅಲ್ವಾ? ಇವರು ಜಾರ್ತಾರೆ, ನಾವು ಜಾರುದಿಲ್ಲ, ಅಷ್ಟೇ" ಎಂದಳು. ಅವಳು ನಮ್ಮ ಭಜನಾ ಮಂದಿರದ ಮಕ್ಕಳ ತಂಡದಲ್ಲಿದ್ದಾಳೆ. ಎರಡು ವರ್ಷದಲ್ಲಿ ಐದು ಸ್ಪರ್ಧೆಗೆ ಹೋಗಿದ್ದಾರೆ. ಒಂದು ದ್ವಿತೀಯ, ಎರಡು ತೃತೀಯ. ಸ್ಮರಣಿಕೆಗಳು ಹಾರ್ಮೋನಿಯಂ ಇಡುವ ಕಪಾಟಿನಲ್ಲಿವೆ.

ದಕ್ಷಿಣ ಕನ್ನಡದ ಹೊರಗಿನವರಿಗೆ ಒಂದೆರಡು ಮಾತು ಹೇಳಬೇಕು. ಭಜನೆ ಎಂದರೆ ಚಾಪೆ ಹಾಸಿ ಕುಳಿತು ಹಾಡುವುದೆಂದೇ ನಾವೂ ತಿಳಿದಿದ್ದೆವು. ಈಗ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಯಾವ ಊರಿಗೆ ಹೋದರೂ ಒಂದು ಕುಣಿತ ಭಜನಾ ತಂಡ ಇರುತ್ತದೆ. ನಡುವೆ ಕಾಲುದೀಪ, ಅದರ ಸುತ್ತ ಮಕ್ಕಳು, ಬದಿಯಲ್ಲಿ ಹಾರ್ಮೋನಿಯಂ, ತಬಲಾ, ತಾಳ, ಹಾಡುವ ಇಬ್ಬರು ಮೂವರು. ದಾಸರ ಪದ ವಿಳಂಬದಲ್ಲಿ ಶುರುವಾಗಿ ಕೊನೆಗೆ ದ್ರುತಕ್ಕೆ ಏರುತ್ತದೆ. ಹೆಜ್ಜೆ ಬದಲಾಗುತ್ತದೆ, ಸುತ್ತು ಎರಡಾಗಿ ಒಡೆಯುತ್ತದೆ, ಸಾಲಾಗುತ್ತದೆ, ಒಂದು ಸಾಲು ಇನ್ನೊಂದರ ನಡುವೆ ನುಸುಳಿ ಹೋಗುತ್ತದೆ. ಸ್ಕೇಟಿಂಗಿನಲ್ಲಿ ಇದಕ್ಕೆಲ್ಲ ಹೆಸರಿದೆ: ಸರ್ಕಲ್, ಲೈನ್, ಬ್ಲಾಕ್, ವೀಲ್, ಇಂಟರ್‌ಸೆಕ್ಷನ್. ನಮ್ಮ ಮಕ್ಕಳು ಹೆಜ್ಜೆಗಳಿಗೆ ನಂಬರು ಕೊಟ್ಟಿದ್ದಾರೆ, ‘ಆರನೇದು’, ‘ಒಂಬತ್ತನೇದು’ ಎಂದು. ಈ ಹೆಜ್ಜೆಗಳು ಊರೂರಿಗೆ ಹಬ್ಬಿದ್ದರಲ್ಲಿ ಧರ್ಮಸ್ಥಳದಲ್ಲಿ ವರ್ಷ ವರ್ಷ ನಡೆಯುವ ಭಜನಾ ತರಬೇತಿ ಕಮ್ಮಟದ ಪಾಲು ದೊಡ್ಡದು.

ನಮ್ಮ ತಂಡದ ಮಾಸ್ಟ್ರು ಹಗಲಿಡೀ ಸುಳ್ಯದಲ್ಲಿ ಆಟೋ ಓಡಿಸುತ್ತಾರೆ. ಸಂಜೆ ಏಳಕ್ಕೆ ಮಂದಿರದ ಎದುರು ರಿಕ್ಷಾ ನಿಲ್ಲಿಸಿ, ಕಾಕಿ ಅಂಗಿ ಕಳಚಿಟ್ಟು ಶಾಲು ಸುತ್ತಿಕೊಂಡರೆ ಬೇರೆಯೇ ಮನುಷ್ಯ. ಮಕ್ಕಳು ಮನೆಯಲ್ಲಿ ಅರೆಭಾಷೆ ಮಾತಾಡುವವರು, ತುಳುವಿನವರು. ಕೇರಳದ ಗಡಿ ಹತ್ತಿರ ಇರುವುದರಿಂದ ಮಲಯಾಳದ ಎರಡು ಮನೆಯವರೂ ಇದ್ದಾರೆ. ಬೈಯುವುದು ತುಳುವಿನಲ್ಲಿ, ಎಣಿಸುವುದು ಕನ್ನಡದಲ್ಲಿ. ಯಾಕೆ ಹಾಗೆ ಎಂದು ಕೇಳಿದರೆ, "ಎಣಿಸುದು ಶಾಲೆಯಲ್ಲಿ ಕಲ್ತದ್ದಲ್ವಾ" ಎಂದರು.

ಕಳೆದ ಡಿಸೆಂಬರಿನಲ್ಲಿ ಪಕ್ಕದ ತಾಲೂಕಿನಿಂದ ಒಂದು ಸ್ಪರ್ಧೆಯ ಆಮಂತ್ರಣ ಬಂತು. ಎಲ್ಲ ಸರಿ, ಕೊನೆಯ ಸಾಲಿನಲ್ಲಿ ನಿಯಮ: ಕುಣಿಯುವವರು ಹೆಚ್ಚೆಂದರೆ 12 ಮಂದಿ, ಸಮಯ 10 ನಿಮಿಷ. ನಮ್ಮಲ್ಲಿ ಕುಣಿಯುವವರು 14. ಮಾಸ್ಟ್ರು ಅದನ್ನು ಮಕ್ಕಳಿಗೆ ಓದಿ ಹೇಳಿದ ಮೇಲೆ ಅಂಗಳದಲ್ಲಿ ಯಾರೂ ಮಾತಾಡಲಿಲ್ಲ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಮಾತ್ರ "ನನಗೆ ಹೇಗೂ ಪರೀಕ್ಷೆ ಉಂಟು" ಎಂದು ತಾನೇ ಹಿಂದೆ ಸರಿದ. ಉಳಿದದ್ದು ಒಬ್ಬರನ್ನು ಬಿಡುವ ಪ್ರಶ್ನೆ. ಆ ಒಬ್ಬರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಆರನೇ ಕ್ಲಾಸಿನ ಒಂದು ಹುಡುಗಿ. ತಾಯಿ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಸಂಜೆ ಮಗಳನ್ನು ಬಿಟ್ಟು ಕತ್ತಲಲ್ಲಿ ಟಾರ್ಚ್ ಹಿಡಿದು ಬಂದು ಕರೆದೊಯ್ಯುತ್ತಾರೆ, ಒಂದು ದಿನ ತಪ್ಪಿಸಿದ್ದಿಲ್ಲ. ಆದರೆ ಹುಡುಗಿ ಯಾವಾಗಲೂ ಅರ್ಧ ಹೆಜ್ಜೆ ಹಿಂದೆ. 13 ಕಾಲು ನೆಲಕ್ಕೆ ತಾಗಿದ ಮೇಲೆ ಹದಿನಾಲ್ಕನೆಯದು ‘ಟಪ್’ ಎನ್ನುತ್ತಿತ್ತು.

ಜಗಲಿಯಲ್ಲಿ ಕುಳಿತು ಮೂರು ಸಂಜೆ ಅವಳನ್ನೇ ನೋಡಿದೆ. ಪ್ರೀತಿಯಿಂದ ಎಂದರೆ ಸುಳ್ಳು, ಮೊದಲು ಬರೀ ಕುತೂಹಲ. ನನ್ನ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಕತೆ ಇದೆ. 1665ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಹುಷಾರಿಲ್ಲದೆ ಮಲಗಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಲೋಲಕದ ಗಡಿಯಾರಗಳನ್ನು ಗಮನಿಸಿದ. ಹೇಗೆ ಶುರುಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಅವು ಹೊಂದಿಕೊಳ್ಳುತ್ತಿದ್ದವು: ಒಂದು ಬಲಕ್ಕೆ ಹೋದಾಗ ಇನ್ನೊಂದು ಸರಿಯಾಗಿ ಎಡಕ್ಕೆ. ತೊಲೆಯ ಕಣ್ಣಿಗೆ ಕಾಣದ ಅಲುಗಾಟ ಅವೆರಡನ್ನೂ ಜೋಡಿಸಿತ್ತು. ಯಾವುದು ಯಾವುದಕ್ಕೆ ಜೋಡಿಯಾಗಿದೆ ಎಂಬುದೇ ಮುಖ್ಯ. 1975ರಲ್ಲಿ ಜಪಾನಿನ ಕುರಮೋಟೊ ಬರೆದ ಸಮೀಕರಣ, ನಾನು ದಿನಾ ತಲೆ ಕೆಡಿಸಿಕೊಳ್ಳುವುದು, ಅದರದ್ದೂ ತಿರುಳು ಇದೇ. ಜೋಡಣೆ ಸಾಕಷ್ಟು ಗಟ್ಟಿಯಾದರೆ ಬೇರೆ ಬೇರೆ ವೇಗದವರೂ ಒಂದಾಗುತ್ತಾರೆ. ಆದರೆ ಸುದ್ದಿ ಒಬ್ಬರಿಂದ ಒಬ್ಬರಿಗೆ ತಲುಪುವುದು ತಡವಾದರೆ ಲೆಕ್ಕ ಬೇರೆಯಾಗುತ್ತದೆ.

ಈ ಹುಡುಗಿ ಜೋಡಿಯಾದದ್ದು ತಾಳಕ್ಕಲ್ಲ, ಮುಂದಿನವಳ ಕಾಲಿಗೆ. ಕತ್ತು ಬಗ್ಗಿಸಿ ಆ ಕಾಲನ್ನು ನೋಡಿ, ಅದು ಎದ್ದ ಮೇಲೆ ತನ್ನದನ್ನು ಎತ್ತುತ್ತಿದ್ದಳು. ತಪ್ಪಿಹೋದೀತೆಂಬ ಹೆದರಿಕೆ. ಲಯ ಹಿಡಿಯುವುದರಲ್ಲಿ ಕಣ್ಣಿಗಿಂತ ಕಿವಿ ಚುರುಕು ಎನ್ನುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಕಣ್ಣಿನ ದಾರಿ ಹಿಡಿದವಳಿಗೆ ಅರ್ಧ ಹೆಜ್ಜೆ ತಡವಾಗದೆ ಇನ್ನೇನಾದೀತು? ಮುಂದಿನವಳು ಸ್ವಲ್ಪ ಮಾತ್ರ ತಡವಾದರೂ ಇವಳದ್ದು ಅದರ ಮೇಲೆ ಸೇರಿಕೊಳ್ಳುತ್ತಿತ್ತು. ಮುಂದಿನವಳು ಬೇರೆ ಯಾರಲ್ಲ, ನನ್ನ ಅಕ್ಕನ ಮಗಳು.

ಮಾಸ್ಟ್ರಿಗೆ ಹೇಳಿದೆ, "ಅಣ್ಣ, ಅವಳನ್ನು ಎಲ್ಲರಿಗಿಂತ ಮುಂದೆ ಹಾಕಿ ನೋಡಿ. ನೋಡ್ಲಿಕ್ಕೆ ಯಾರೂ ಇರಬಾರ್ದು." ಅವರು ನಕ್ಕರು. "ಎಂತ ಮಾರಾಯ, ಹಿಂದೆ ಇದ್ದವಳನ್ನು ಮುಂದೆ ಹಾಕುದಾ? ನಿನ್ನ ಕಾಲೇಜಿನಲ್ಲಿ ಹಾಗೆ ಮಾಡ್ತಾರಾ?" ಆದರೂ ಮರುದಿನ ಹಾಕಿದರು. ಅವಳು ಮೊದಲ ಸುತ್ತು ತಿರುತಿರುಗಿ ಹಿಂದೆ ನೋಡಿದಳು, ಎರಡನೆಯದರಲ್ಲಿ ದಾರಿ ತಪ್ಪಿದಳು. ಮಾಸ್ಟ್ರು ತಾಳ ಹಿಡಿದು ಅವಳ ಪಕ್ಕದಲ್ಲೇ ನಡೆಯತೊಡಗಿದರು. ನಾಲ್ಕೈದು ದಿನ ಹೀಗೆ. ಆರನೆಯ ಸಂಜೆ ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ, ತಡವಾದ ‘ಟಪ್’ ಇರಲಿಲ್ಲ.

ಇದನ್ನು ನನ್ನ ಜಯವೆಂದು ಬರೆದುಕೊಳ್ಳಲು ಆಸೆಯಿದೆ. ಆದರೆ 13 ಮಂದಿ ಇನ್ನೂ 13 ಮಂದಿಯೇ. ಅವಳು ನಿಂತಮೇಲೆ ಬೇರೆ ಯಾರೋ ಹೋಗಬೇಕಲ್ಲ. ಮಾಸ್ಟ್ರು ಎರಡು ದಿನ ಯೋಚಿಸಿ ನನ್ನ ಅಕ್ಕನ ಮಗಳನ್ನು ಹಾಡುವವರ ಬದಿಗೆ ಕೂರಿಸಿದರು. ಅವಳ ಸ್ವರ ಚೆನ್ನಾಗಿದೆ, ಹಾಡುವವರಲ್ಲಿ ಒಬ್ಬಳು ಬೇಕಿತ್ತು. ಕಾರಣ ನ್ಯಾಯವಾದದ್ದೇ. ಅವಳಿಗೆ ಹಾಗನಿಸಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಜ್ಜಿಗೆ ಬಡಿಸುತ್ತ, "ಮಾವನಿಗೆ ಯಾರ ಮನೆ ಮಕ್ಕಳು ಅಂತ ಗೊತ್ತಿಲ್ಲ" ಎಂದು ಅಕ್ಕನಿಗೆ ಕೇಳುವ ಹಾಗೆ ಹೇಳಿದಳು. ಅಕ್ಕ ಏನೂ ಹೇಳಲಿಲ್ಲ. ಅದೂ ಒಂದು ಮಾತೇ. ಒಂದು ವಾರ ನನಗೂ ಅವಳಿಗೂ ಮಾತಿಲ್ಲ. ಸಮೀಕರಣದಲ್ಲಿ ಒಂದು ಲೋಲಕವನ್ನು ತೆಗೆದರೆ ಉಳಿದವುಗಳಿಗೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ತೆಗೆದದ್ದಕ್ಕೆ ಏನಾಗುತ್ತದೆಂದು ಯಾರೂ ಬರೆಯುವುದಿಲ್ಲ.

ಸ್ಕೇಟಿಂಗ್ ತಂಡಗಳಲ್ಲೂ ಇದೇ ಗೋಳು. ಮಂಜಿನ ಮೇಲೆ 16 ಮಂದಿ, ಬದಿಯಲ್ಲಿ ಬದಲಿಗಳು. ಅದೇ ಅಭ್ಯಾಸ, ಅದೇ ಉಡುಪು, ಒಳಗೆ ಇಳಿಯುವ ಅವಕಾಶ ಮಾತ್ರ ಯಾರಾದರೂ ಬಿದ್ದರೆ. ಒಂಟಿ ಸ್ಕೇಟರ್ ಬಿದ್ದರೆ ಅವಳ ನಷ್ಟ ಅವಳಿಗೆ. ಇಲ್ಲಿ ಕೈ ಹಿಡಿದ ಸಾಲಿನಲ್ಲಿ ಒಬ್ಬಳು ಬಿದ್ದರೆ ಪಕ್ಕದವಳನ್ನೂ ಎಳೆಯುತ್ತಾಳೆ, ಅಂಕ ಎಲ್ಲರದ್ದೂ ಹೋಗುತ್ತದೆ. ಆ ‘ವೀಲ್’ ನೋಡಬೇಕು: ಗಾಲಿಯ ಕಡ್ಡಿಗಳಂತೆ ಸಾಲುಗಳು ಒಂದು ನಡುವಿನ ಸುತ್ತ ತಿರುಗುತ್ತವೆ. ನಡುವಿನವಳು ನಿಂತಲ್ಲೇ ತಿರುಗಿದಂತಿದ್ದರೆ ತುದಿಯವಳು ಅದೇ ಹೊತ್ತಿನಲ್ಲಿ ಹಲವು ಪಟ್ಟು ದೂರ ಓಡಬೇಕು. ದೂರದಿಂದ ನೋಡುವವರಿಗೆ ಇಬ್ಬರೂ ಒಂದೇ.

ಸ್ಪರ್ಧೆಯ ದಿನ ನಮ್ಮ ಸರದಿ ಬರುವಾಗ ರಾತ್ರಿ ಹನ್ನೊಂದೂವರೆ. ಸಣ್ಣವರಿಗೆ ನಿದ್ದೆ. ಮಾಸ್ಟ್ರು ಎಲ್ಲರ ಮುಖಕ್ಕೆ ನೀರು ಹೊಡೆಸಿದರು. ಮುಂದಿನ ಸ್ಥಾನದಲ್ಲಿ ಆ ಹುಡುಗಿ, ಹಿಂದೆ ಮೈಕಿನ ಎದುರು ನನ್ನ ಅಕ್ಕನ ಮಗಳು. ಮುಖ ಊದಿಸಿಕೊಂಡೇ ಹಾಡಿಗೆ ಶುರುಮಾಡಿದವಳು ಎರಡನೇ ಚರಣಕ್ಕೆ ಬರುವಾಗ ತಾಳವನ್ನು ಒಂಚೂರು ಒತ್ತಿ ಹೊಡೆಯತೊಡಗಿದಳು. ಹಾಡಿಗೆ ಅದು ಬೇಕಿರಲಿಲ್ಲ. ಮುಂದಿನವಳಿಗೆ ಕೇಳಲೆಂದು ಹಾಗೆ ಮಾಡಿದಳೋ ಏನೋ, ನಾನು ಕೇಳಲಿಲ್ಲ. ದ್ರುತಕ್ಕೆ ಹೋದಾಗ ಒಬ್ಬ ಹುಡುಗನ ಶಾಲು ಜಾರಿ ಬಿತ್ತು, ಅವನು ತುಳಿಯದೆ ದಾಟಿದ.

ತೃತೀಯ ಬಂತು. ತೀರ್ಪುಗಾರರೊಬ್ಬರು ಮೈಕಿನಲ್ಲಿ, ಈಗೀಗ ಕಸರತ್ತು ಹೆಚ್ಚಾಗಿ ಭಕ್ತಿ ಕಡಿಮೆಯಾಗುತ್ತಿದೆ ಎಂದರು. ಅಂಕಪಟ್ಟಿಯಲ್ಲಿ ಸ್ವರ, ತಾಳ, ಹೆಜ್ಜೆ, ಉಡುಪು ಅಲ್ಲದೆ ‘ಭಕ್ತಿಭಾವ’ ಎಂಬ ಕಾಲಮು ಕೂಡ ಇತ್ತು. ವಾಪಸು ಬರುವಾಗ ಜೀಪಿನಲ್ಲಿ ಇದೇ ಚರ್ಚೆ. ಭಕ್ತಿಗೆ ಅಂಕ ಹಾಕುವುದು ಹೇಗೆ? ನಮ್ಮ ಊರಿನ ಹಿರಿಯರೊಬ್ಬರಿಗೆ ಭಜನೆಯಲ್ಲಿ ಸ್ಪರ್ಧೆ ಎಂಬುದೇ ಸಲ್ಲದು. ಅವರ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರು ಹೇಳುವ ಆ ಹಳೆಯ, ಸ್ಪರ್ಧೆಯಿಲ್ಲದ ಭಜನೆಯಲ್ಲಿ ಈ 14 ಮಕ್ಕಳಲ್ಲಿ ಎಷ್ಟು ಮಂದಿಗೆ ಒಳಗೆ ಕೂರಲು ಚಾಪೆ ಸಿಗುತ್ತಿತ್ತು ಎಂದು ನನಗೆ ಕೇಳಬೇಕೆನಿಸುತ್ತದೆ. ಟ್ಯಾಪಿಂಗಿಗೆ ಹೋಗುವವರ ಮಗಳು ಎಲ್ಲರ ಮುಂದೆ ನಿಂತು ಕುಣಿದದ್ದು ಈ ಸ್ಪರ್ಧೆಗಳ ದೆಸೆಯಿಂದ.

ಅಂಕದ ತಕರಾರು ಅಲ್ಲಿಯೂ ಇದೆ. ಅಂತಾರಾಷ್ಟ್ರೀಯ ಸ್ಕೇಟಿಂಗ್ ಯೂನಿಯನ್‌ನವರು ಜಿಗಿತ, ಹೆಜ್ಜೆಗಳಿಗೆ ಕೊಡುವ ಅಂಕದ ಹೊರತಾಗಿ ಕಲೆಗೆಂದು ಐದು ಕಾಲಮು ಇಟ್ಟಿದ್ದರು. 2022ರಲ್ಲಿ ಅದನ್ನು ಮೂರಕ್ಕಿಳಿಸಿದರು: ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ. ಅಷ್ಟು ವರ್ಷ ಜಗಳಾಡಿಯೂ ಅವರಿಗೆ ಭಾವಕ್ಕೊಂದು ಕೋಲು ಸಿಕ್ಕಿಲ್ಲ ಅಂದಮೇಲೆ ನಮ್ಮ ಯುವಕ ಮಂಡಲದವರನ್ನು ದೂರಿ ಏನು ಮಾಡುವುದು. ನನ್ನ ಅಭಿಪ್ರಾಯ ಕೇಳಿದರೆ ಆ ಕಾಲಮನ್ನು ಖಾಲಿ ಬಿಡಬೇಕು. ಇರಲಿ, ಆದರೆ ಖಾಲಿ ಇರಲಿ.

ಜೀಪು ಸುಳ್ಯ ದಾಟಿ ಆಲೆಟ್ಟಿಯ ದಾರಿ ಹಿಡಿಯುವಾಗ ಗಂಟೆ ಎರಡಾಗಿತ್ತು. ಹೆಚ್ಚಿನ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಸ್ಮರಣಿಕೆ ಆ ಸಣ್ಣ ಹುಡುಗಿಯ ಮಡಿಲಲ್ಲಿತ್ತು. ಅಕ್ಕನ ಮಗಳು ನನ್ನ ಪಕ್ಕದಲ್ಲಿ ಕುಳಿತಿದ್ದಳು, ಬೇರೆ ಕಡೆ ಜಾಗ ಇರಲಿಲ್ಲ. "ಮಾವ, ಮುಂದಿನ ತಿಂಗಳು ಜಾತ್ರೆಯಲ್ಲಿ 12ರ ಲೆಕ್ಕ ಇಲ್ವಲ್ಲ?" ಎಂದಳು.

"ಇಲ್ಲ."

"ಹಾಗಾದ್ರೆ ನನಗೆ ಅವಳ ಹಿಂದೆ ಜಾಗ ಬೇಕು ಅಂತ ಮಾಸ್ಟ್ರಿಗೆ ನೀವೇ ಹೇಳಿ."

ಯಾಕೆ ಹಿಂದೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳು ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು.